ಕರೀಂಸಾಬರ ಒಂದು ತಾಸು

"ಕೆಲಸದ ಹೊತ್ತಿನ್ಯಾಗ ನಮಾಜಿಗೆ ಹೋಗೋದು ಇನ್ನ ನಡಿಯಂಗಿಲ್ಲ" ಎಂದರು ಧಾರವಾಡ ಕಡೆಯಿಂದ ಬಂದಿದ್ದ ಹೊಸ ಸಾಹೇಬರು. ಎದುರಿಗೆ ನಮ್ಮ ಹಿರಿಯ ಗುಮಾಸ್ತ ಕರೀಂಸಾಬರು ತಲೆ ತಗ್ಗಿಸಿ ನಿಂತಿದ್ದರು.

ಪೊಲೀಸ್ ಆ್ಯಕ್ಷನ್ನಿನಲ್ಲಿ ನಿಜಾಮರ ಆಳ್ವಿಕೆ ಮುಗಿದು, ಶುಕ್ರವಾರದ ರಜೆ ರವಿವಾರಕ್ಕೆ ಸರಿದಿತ್ತು. ಕರೀಂಸಾಬರು ಶುಕ್ರವಾರ ಮಧ್ಯಾಹ್ನ ಒಂದು ತಾಸು ಮಸೀದಿಗೆ ಹೋಗುತ್ತಾರೆಂದು ಭಾಲ್ಕಿ ಕಚೇರಿಯ ನನ್ನ ಜೊತೆಯವರೇ ಚಾಡಿ ಹೇಳಿದ್ದರು. ಹಿಂದಿನ ವರ್ಷ ಇದೇ ಜನ ಅವರನ್ನು ಕಂಡರೆ ಎದ್ದು ನಿಂತು ಸಲಾಂ ಮಾಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ನಾ ದಿನಾ ಮುಂಜಾನಿ ಲಿಂಗಪೂಜಾ ಮುಗಿಸಿ, ತಾಸು ತಡಾ ಮಾಡೇ ಬರ್ತೇನ್ರಿ. ನನ್ನ ಬಗ್ಗೆ ಯಾಕ ಯಾರೂ ಚಾಡಿ ಹೇಳಿಲ್ರಿ? ಬಂದ್ ಮಾಡೋದಿದ್ರ ಮೊದಲ ನಂದು ಮಾಡ್ರಿ."

ಸಾಹೇಬರು ನನ್ನ ಹಣೆಯ ವಿಭೂತಿ ನೋಡಿದರು. ಆಮೇಲೆ ಚಾಡಿ ಹೇಳಿದವರ ಹಣೆ ನೋಡಿದರು. ಅಲ್ಲಿಯೂ ವಿಭೂತಿ ಇತ್ತು. ಅವರೆಲ್ಲ ಬರುತ್ತಿದ್ದುದೂ ನನ್ನ ಹೊತ್ತಿಗೇ.

ಕರೀಂಸಾಬರನ್ನು ಮತ್ತೆ ಯಾರೂ ತಡೆಯಲಿಲ್ಲ. ನನ್ನನ್ನು ಮಾತ್ರ ಔರಾದಕ್ಕೆ ವರ್ಗ ಮಾಡಿದರು. ಅಲ್ಲಿ ಮೊದಲ ದಿನವೇ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ತಾಸು ತಡವಾಗಿಯೇ ಹೋದೆ.