ಸೂರ್ಯಪ್ಪನ ಗದ್ದುಗೆ

ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟಿದ್ದು ಕಂಡರೆ ಮೇಲೆ ದೇವರಿದ್ದಾನೆಂದು ನಂಬುವುದು ನಮ್ಮ ಕಡೆಯವರ ಸ್ವಭಾವ. ಮೆಣಸಿನಕಾಯಿ ಧೂಳಿಗೆ ಹೆದರಿ ಬಿಟ್ಟಿರಬಹುದೆಂದು ಯಾರಿಗಾದರೂ ಹೊಳೆದೀತೇ, ನೀವೇ ಹೇಳಿ.

ಬ್ಯಾಡಗಿಯ ನಮ್ಮ ಕಾಲೇಜಿನ ಮಾಳಿಗೆಯ ಮೇಲೆ ಒಂದು ಬಿಳಿಯ ಗುಮ್ಮಟ, ಅದರೊಳಗೆ ಒಂದು ದುರ್ಬೀನು. ನನಗೆ ಭೌತಶಾಸ್ತ್ರ ಕಲಿಸಿದ ಮಾಸ್ತರರು ಊರವರ ಕಾಲು ಹಿಡಿದು ಕಟ್ಟಿಸಿದ ಈ ವೀಕ್ಷಣಾಲಯ ನಕ್ಷತ್ರಗಳಿಗಲ್ಲ, ಸೂರ್ಯನಿಗೆ. ಮೋಡವಿಲ್ಲದ ದಿನ ಅವನ ಬಿಂಬವನ್ನು ಬಿಳಿಯ ಹಾಳೆಯ ಮೇಲೆ ಬೀಳಿಸಿ, ಮೈಮೇಲಿನ ಕಲೆಗಳನ್ನು ಪೆನ್ಸಿಲಿನಿಂದ ಗುರುತಿಸಿ, ದೂರದ ದೊಡ್ಡ ಸಂಸ್ಥೆಯೊಂದಕ್ಕೆ ಕಳಿಸುವುದು. ಮೊದಲು ಅವರ ಸಹಾಯಕನಾಗಿ, ಅವರ ತರುವಾಯ ಒಬ್ಬನೇ, ನನ್ನ ಆಯುಷ್ಯವೂ ಇದರಲ್ಲೇ ಸವೆಯಿತು. ಕಲೆಗಳು ಹುಟ್ಟುತ್ತವೆ, ಸೂರ್ಯನೊಡನೆ ತಿರುಗುತ್ತ ಅಂಚಿಗೆ ಸರಿದು ಮರೆಯಾಗುತ್ತವೆ, ಕೆಲವು ಸುತ್ತಿ ಮತ್ತೆ ಬರುತ್ತವೆ, ಕೆಲವು ಬರುವುದೇ ಇಲ್ಲ. ಸಂಶೋಧನೆ ಎಂದರೆ ಬಹುಪಾಲು ಹೀಗೆ ಕಾಯುವುದೇ.

ಮೆಣಸಿನಕಾಯಿಯ ಸುಗ್ಗಿ ಬಂತೆಂದರೆ ಈ ಊರಿನ ಗಾಳಿಯೇ ಕೆಂಪಾಗುತ್ತದೆ. ಒಮ್ಮೆ ಘಾಟಿಗೆ ಮಾಸ್ತರರು ಸೀನಿದ ರಭಸಕ್ಕೆ ಪೆನ್ಸಿಲು ಜಾರಿ ಸೂರ್ಯನಿಗೆ ಇಲ್ಲದ ಕಲೆಯೊಂದು ಅಂಟಿಕೊಂಡಿತು. ಅಳಿಸಿದರಾಯಿತಲ್ಲ ಎಂದೆ. "ಅಳಿಸಿದ್ರ ಗುರುತು ಉಳೀತದೋ. ಇಲ್ಲದ್ದನ್ನ ಐತಿ ಅನ್ನಬಾರ್ದು" ಎಂದು ಹಾಳೆಯನ್ನೇ ಹರಿದು, ಮೂಗೊರೆಸಿಕೊಂಡು ಮೊದಲಿನಿಂದ ಬರೆದರು. ಧೂಳು ಮಸೂರದವರೆಗೆ ಬಾರದಿರಲೆಂದು ಚಪ್ಪಲಿ ಕೆಳಗೇ ಬಿಡಬೇಕೆಂಬ ಕಟ್ಟಳೆ ಹುಟ್ಟಿದ್ದು ಅಂದೇ.

ಎಡವಟ್ಟಾದದ್ದೂ ಅಲ್ಲಿಯೇ. ಬಿಳಿಯ ಗುಮ್ಮಟ, ಬುಡದಲ್ಲಿ ಚಪ್ಪಲಿ, ದಿನಾ ಬರಿಗಾಲಲ್ಲಿ ಏರಿ ಹೋಗುವ ಗಡ್ಡದ ಮುದುಕ: ಇದು ಯಾರೋ ಶರಣರನ್ನು ಸಮಾಧಿ ಮಾಡಿದ ಗದ್ದುಗೆಯೇ ಸೈ ಎಂದು ಪೇಟೆಗೆ ಪೇಟೆಯೇ ತೀರ್ಮಾನಿಸಿತು. ಮೆಟ್ಟಿಲ ಮೇಲೆ ಊದಿನಕಡ್ಡಿ ಉರಿಯತೊಡಗಿತು. ಎದುರಿನ ಅಂಗಡಿಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಗಿರಿಜವ್ವ ಒಂದು ದಿನ ತೆಂಗಿನಕಾಯಿ ಹಿಡಿದು ಬಂದೇಬಿಟ್ಟಳು.

"ಯಾವ ಅಜ್ಜಾರ ಗದ್ದಿಗಿರಿ ಇದು?"

"ಗದ್ದಿಗಿ ಅಲ್ಲವ್ವಾ, ಸೂರ್ಯನ್ನ ನೋಡೋ ಜಾಗಾ" ಎಂದರು ಮಾಸ್ತರರು.

"ಮತ್ತ ಸೂರ್ಯಪ್ಪ ದೇವರಲ್ಲೇನ್ರಿ!"

ಅಂದಿನಿಂದ 'ಇದು ಗದ್ದುಗೆಯಲ್ಲ' ಎಂದು ಹೇಳುವುದು ನನ್ನ ನೌಕರಿಯ ಅರ್ಧ ಭಾಗವಾಯಿತು.

ಈಗ ಉಪಗ್ರಹಗಳು ಬಾಹ್ಯಾಕಾಶದಲ್ಲಿ ಕುಳಿತು ಸೂರ್ಯನ ಚಿತ್ರ ತೆಗೆಯುತ್ತಲೇ ಇರುತ್ತವೆ. ನಮ್ಮ ಪೆನ್ಸಿಲಿನ ಹಾಳೆಗಳನ್ನು ಕೇಳುವವರು ಮೊದಮೊದಲು ಕಡಿಮೆಯಾದರು, ಆಮೇಲೆ ಇಲ್ಲವಾದರು. ಗುಮ್ಮಟ ಕೆಡವಿ ತರಗತಿ ಕಟ್ಟಬೇಕೆಂದು ಆಡಳಿತ ಮಂಡಳಿ ನಿಶ್ಚಯಿಸಿತು. ಸಭೆಯಲ್ಲಿ ಗಂಟಲು ಹರಿಯುವಂತೆ ಬೇಡಿಕೊಂಡೆ; ಎಲ್ಲರೂ ಮರ್ಯಾದೆಯಿಂದಲೇ ಕೇಳಿ, ಚಹಾ ಕುಡಿದು ಎದ್ದರು. ಹುಡುಗರಿಗೆ ಕೂರಲು ಜಾಗ ಬೇಕೆಂಬುದೂ ಸುಳ್ಳಲ್ಲವಲ್ಲ! ನನಗೂ ದಣಿವಾಗಿತ್ತು. ದುರ್ಬೀನು ಬಿಚ್ಚಿ ಕಪಾಟಿಗೆ ಸೇರಿಸಿದೆವು.

ಕೆಡವಲು ಬಂದ ಗೌಂಡಿ ಗಿರಿಜವ್ವನ ಮಗ ಬಸವರಾಜ. ಸುತ್ತಿಗೆ ಪಕ್ಕಕ್ಕಿಟ್ಟು ಮೆಟ್ಟಿಲ ಬುಡದಲ್ಲೇ ಕುಳಿತುಬಿಟ್ಟ.

"ಸರ್ರ, ನಮ್ಮವ್ವ ಇಲ್ಲೇ ಹರಕಿ ಹೊತ್ತು ನನ್ನ ಹಡದಾಳ. ನನ್ನ ಕೈಲೆ ಹೆಂಗ್ರಿ ಒಡಿಯೂದು? ಖರೇ ಹೇಳ್ರಿ, ಇದು ಗದ್ದಿಗಿ ಹೌದೋ ಅಲ್ಲೋ? ನೀವು ಹೌದಂದ್ರ ಈ ಊರಾಗ ಯಾವ ಗೌಂಡಿನೂ ಇದನ್ನ ಮುಟ್ಟಂಗಿಲ್ಲ."

ಹೌದು ಎಂದರೆ ಮುಗಿಯಿತು, ಗುಮ್ಮಟ ಉಳಿಯುತ್ತದೆ. ಸಭೆಯ ಯಾವ ಠರಾವೂ ಅದನ್ನು ಅಲ್ಲಾಡಿಸಲಾರದು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಮೂಗೊರೆಸಿಕೊಳ್ಳುತ್ತ ಹಾಳೆ ಹರಿಯುತ್ತಿದ್ದ ಮುದುಕ ನೆನಪಾದ, ಹಾಳಾದವ.

"ಅಲ್ಲಪಾ" ಎಂದೆ. "ಇಲ್ಲಿ ಯಾರೂ ಇಲ್ಲ."

ಬಸವರಾಜ ನನ್ನ ಮುಖವನ್ನೇ ನೋಡಿದ. ಆಮೇಲೆ "ಆತ್ ಬಿಡ್ರಿ" ಎಂದು ಎದ್ದ. ಎದ್ದವನು ಚಪ್ಪಲಿ ಕಳಚಿ, ಜೋಡಿಸಿಟ್ಟು, ಸುತ್ತಿಗೆ ಹಿಡಿದು ಬರಿಗಾಲಲ್ಲಿ ಮೆಟ್ಟಿಲೇರಿದ.

ದುರ್ಬೀನು ಹೋದ ಮೇಲೆ ಧೂಳಿನ ಹಂಗೇನೆಂದು ನಾನು ಚಪ್ಪಲಿ ಮೆಟ್ಟಿಕೊಂಡೇ ಹತ್ತಿ ಇಳಿಯುತ್ತಿದ್ದೆ. ಅಂದು ಅವನ ಜೋಡಿನ ಪಕ್ಕದಲ್ಲಿ ನನ್ನದನ್ನೂ ಬಿಟ್ಟು, ಅವನ ಹಿಂದೆ ಮೇಲೆ ಹೋದೆ.