ಬೆಟ್ಟದ ಗೋಡೆ

ಮೇಸ್ತ್ರಿ ಅವನನ್ನು ಮೊದಲು ಕಂಡಿದ್ದು ಅವನದೇ ಅಡುಗೆಮನೆಯ ಬಾಗಿಲಲ್ಲಿ, ಬೆಳಿಗ್ಗೆ ಎಂಟೂಕಾಲಿಗೆ. ನೆಲಕ್ಕೆ ಟೈಲ್ಸ್ ಕೂರಿಸಲು ಮೇಸ್ತ್ರಿ ಕರಣೆ, ಮಟ್ಟ ನೋಡುವ ರಸಮಟ್ಟ, ಎರಡು ಬಕೆಟ್ ಹಿಡಿದುಕೊಂಡು ಹೋಗಿದ್ದ. ಬಾಗಿಲಿಗೆ ಅಡ್ಡ ನಿಂತಿದ್ದವನು ಬನಿಯನ್ ತೊಟ್ಟ, ಸಣಕಲು ಕಾಲಿನ, ಮಡಕೆಯಂಥ ಹೊಟ್ಟೆಯ ಮನುಷ್ಯ. ಬಾಯಲ್ಲಿ ಬ್ರಷ್ಷು. ಪೇಸ್ಟಿನ ನೊರೆ ಗಲ್ಲಕ್ಕೆ ಇಳಿಯುತ್ತಿದ್ದರೂ ಉಗಿದು ಬರುವಷ್ಟು ಪುರುಸೊತ್ತು ಅವನ ಮಾತಿಗೆ ಇರಲಿಲ್ಲ. ಮೇಸ್ತ್ರಿಯ ಕೈಯಿಂದ ರಸಮಟ್ಟ ಕಿತ್ತುಕೊಂಡು, ತಲೆಕೆಳಗು ಹಿಡಿದು, ಒಳಗಿನ ಗುಳ್ಳೆ ನೋಡುತ್ತ, "ಇದು ಪುರಾತನ ವಿದ್ಯೆ ಮೇಸ್ತ್ರಿ, ನಿಮಗೆ ಗೊತ್ತಿರಲ್ಲ" ಎಂದ.

ಇಪ್ಪತ್ತೆರಡು ವರ್ಷ ಅದೇ ಗುಳ್ಳೆ ನೋಡಿ ಹೊಟ್ಟೆ ಹೊರೆದವನಿಗೆ ಈ ಮಾತು! ಮೇಸ್ತ್ರಿ ಬಕೆಟ್ ಕೆಳಗಿಟ್ಟು ನಿಂತ. ಕೊನೆಗೆ ಒಳಗಿನಿಂದ ಅವನ ಹೆಂಡತಿಯ ದನಿ ಬಂತು: "ಕೆಲಸ ಮಾಡೋರಿಗೆ ದಾರಿ ಬಿಡ್ರೀ. ಮೊದಲು ಬಾಯಿ ಮುಕ್ಕಳಿಸಿ."

ಅವನು ಪಾರ್ಸೆಲ್ ಆಫೀಸಿನ ಗುಮಾಸ್ತ. ಜನ ತಂದ ಗಂಟನ್ನು ತೂಗಿ, ಚೀಟಿ ಅಂಟಿಸಿ, ಠಪ್ಪೆಂದು ಮುದ್ರೆ ಒತ್ತುವುದು ಕೆಲಸ. ಕಂಡದ್ದೆಲ್ಲ ಅವನಿಗೆ ಪುರಾತನ. ತಕ್ಕಡಿ ಪುರಾತನ, ಅಂಟು ಪುರಾತನ, ಜನ ಸಾಲಿನಲ್ಲಿ ನಿಂತು ಗೊಣಗುವುದೂ ಪುರಾತನ. ಹಾಗಾಗಿ ಆಫೀಸಿನಲ್ಲಿ ಬೆನ್ನ ಹಿಂದೆ ಅವನನ್ನು ಪುರಾತನ ಎಂದೇ ಕರೆಯುತ್ತಿದ್ದರು. ಅದು ಕಿವಿಗೆ ಬಿದ್ದಾಗ ಬಿರುದು ಸಿಕ್ಕಿತೆಂದು ಉಬ್ಬಿಹೋದ.

ಇಂಥವನ ಜೊತೆ ಮೂರು ದಿನ ಬೆಟ್ಟ ಹತ್ತಲು ಮೇಸ್ತ್ರಿ ಒಪ್ಪಿದ್ದಕ್ಕೆ ಕಾರಣ ಇತ್ತು. ಟೈಲ್ಸ್ ಕೆಲಸ ಮುಗಿಯುವ ದಿನ ಬೆಟ್ಟದ ತುದಿಯ ಹಾಳು ಕೋಟೆಯ ಮಾತನ್ನು ಪುರಾತನ ತೆಗೆದ. ತಾನು ಮೂರು ಸಲ ಹೋಗಿ ಬಂದವನು, ಬೇಕಾದರೆ ಕರೆದುಕೊಂಡು ಹೋಗುತ್ತೇನೆ ಎಂದ. ಮೇಸ್ತ್ರಿಯ ಕರಣೆ ಅಲ್ಲೇ ನಿಂತಿತು.

ಮೇಸ್ತ್ರಿಯ ಅಪ್ಪ ಕಲ್ಲುಗೋಡೆ ಕಟ್ಟುವವನಾಗಿದ್ದ. ಎಡಚ. ತಾನು ಕಟ್ಟಿದ ಪ್ರತಿ ಗೋಡೆಯೊಳಗೂ ಅಂಗಿಯ ಒಂದು ಗುಂಡಿ ಕಿತ್ತು ಇಡುವ ಹುಚ್ಚು ಅವನಿಗೆ. ಅದಕ್ಕೆ ಅವನ ಅಂಗಿಗೆ ಎಂದೂ ಗುಂಡಿ ಪೂರಾ ಇರುತ್ತಿರಲಿಲ್ಲ. ಮಗ ಹುಟ್ಟುವ ಮುಂಚೆ ಒಂದು ಬೇಸಿಗೆಯಿಡೀ ಅದೇ ಕೋಟೆಯಲ್ಲಿದ್ದು ಬಿದ್ದ ಗೋಡೆಯನ್ನು ಎತ್ತಿ ಕಟ್ಟಿದ್ದೆ ಎಂದು ಸಾಯುವವರೆಗೂ ಹೇಳಿದ. ಆದರೆ ಅವನ ಹತ್ತು ಮಾತಿನಲ್ಲಿ ಎಂಟು ಬುರುಡೆ. ಇದೂ ಅದರಲ್ಲಿ ಒಂದು ಎಂದು ಮನೆಯವರು ಎಣಿಸಿದರು. ಮಕ್ಕಳು ಸುಳ್ಳು ಹೇಳಿದರೆ ಅಮ್ಮ, "ಇದೂ ಬೆಟ್ಟದ ಗೋಡೇನಾ?" ಎನ್ನುತ್ತಿದ್ದಳು, ಅಪ್ಪನ ಎದುರಿಗೇ. ಅಪ್ಪ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಅವನು ಸತ್ತು ಆರು ವರ್ಷವಾದರೂ ಆ ಮಾತು ಸಾಯಲಿಲ್ಲ; ಈಗ ಮೊಮ್ಮಕ್ಕಳೂ ಕಲಿತಿದ್ದರು. ಗೋಡೆ ಇದೆಯೋ ಇಲ್ಲವೋ, ಒಮ್ಮೆ ಕಣ್ಣಾರೆ ನೋಡಿಬಿಡಬೇಕು ಎನ್ನುವುದು ಮೇಸ್ತ್ರಿಯ ಹಟ.

ಜೊತೆಗೆ ಅಕ್ಕನ ಗಂಡ ಬಂದ. ಅವನು ಟೈಲರ್. ಹೊರಡುವ ಬೆಳಿಗ್ಗೆ ಆಫೀಸಿನಿಂದ ಕೊಕ್ಕೆ ತಕ್ಕಡಿ ತಂದು ಪುರಾತನ ಎಲ್ಲರ ಚೀಲ ತೂಗಿದ. ಅಕ್ಕಿ, ಪಾತ್ರೆ, ಟಾರ್ಪಾಲು ಎಲ್ಲ ಇವರಿಬ್ಬರಿಗೆ. ಅವನ ಚೀಲದಲ್ಲಿ ಊದುವ ದಿಂಬು, ಬಿಸ್ಕತ್ತು, ಒಂದು ಬ್ಲೇಡು.

"ಸಮಪಾಲು ಅಂದ್ರಲ್ಲ ಸಾರ್?" ಭಾವ ಕೇಳಿದ.

"ದಾರಿ ತೋರ್ಸೋನಿಗೆ ಭಾರ ಇರಬಾರದು. ದಿಕ್ಕು ತಪ್ಪುತ್ತೆ."

ಭಾರವಿಲ್ಲದೆಯೂ ತಪ್ಪಿತು. ಮೊದಲ ಕವಲಿನಲ್ಲೇ ಅವನು ತೋರಿದ ದಾರಿ ಒಂದು ಕಲ್ಲುಕ್ವಾರಿಯಲ್ಲಿ ಮುಗಿಯಿತು. "ಮೂರು ಸಲ ಬಂದಿದೀನಿ ಅಂದ್ರಿ?" ಎಂದರೆ, "ಬೇರೆ ದಾರೀಲಿ" ಎಂದ. ಎರಡನೆಯ ದಿನ ಹೊಸ ಬೂಟು ಕಚ್ಚಿ ಕುಂಟಿದ. ಊದುವ ದಿಂಬೂ ಮೇಸ್ತ್ರಿಯ ಬೆನ್ನಿಗೇ ಬಂತು.

"ಬಾಮೈದ, ಇವನನ್ನೂ ಒಂದ್ಸಲ ತಕ್ಕಡಿಗೆ ಹಾಕಿದ್ರೆ ಚೆನ್ನಾಗಿತ್ತು" ಎಂದು ಭಾವ ಪಿಸುಗುಟ್ಟಿದ.

"ಹಾಕಿದ್ರೂ ಬರೀ ಗಾಳಿ ತೂಗುತ್ತೆ ಬಿಡು."

ಮೂರನೆಯ ದಿನ ಹೊತ್ತೇರುವ ಮುಂಚೆ ತುದಿ ತಲುಪಿದರು. ಉರುಳಿದ ಕಂಬ, ಹುಲ್ಲು ಮುಚ್ಚಿದ ಮೆಟ್ಟಿಲು, ಕುಸಿದ ಹೆಬ್ಬಾಗಿಲು. ನೆಟ್ಟಗೆ ನಿಂತಿದ್ದು ಒಂದೇ ಒಂದು ಗೋಡೆ, ಆಳೆತ್ತರ, ಹದಿನೈದು ಹೆಜ್ಜೆ ಉದ್ದ. ಪುರಾತನನ ಕಾಲು ತಕ್ಷಣ ವಾಸಿಯಾಯಿತು. ಗೋಡೆಯ ಮುಂದೆ ನಿಂತು ಬ್ಲೇಡು ಹೊರತೆಗೆದ.

"ನೋಡಿ! ಎರಡು ಸಾವಿರ ವರ್ಷ. ಗಾರೆ ಇಲ್ಲ, ಸಿಮೆಂಟಿಲ್ಲ. ಈ ಬ್ಲೇಡು ಒಳಗೆ ಹೋಗಲಿ ನೋಡೋಣ! ಈಗಿನ ಮೇಸ್ತ್ರಿಗಳು ಹತ್ತು ಜನ್ಮ ಎತ್ತಿದರೂ ಹೀಗೆ ಕಟ್ಟಲ್ಲ."

ಮೇಸ್ತ್ರಿ ಅವನ ಮಾತು ಕೇಳುತ್ತಿರಲಿಲ್ಲ. ಕಲ್ಲಿನ ಮೈ ಮೇಲಿನ ಉಳಿಯ ಗೀರು ನೋಡುತ್ತಿದ್ದ. ಗೀರುಗಳೆಲ್ಲ ತಿರುವುಮುರುವು ವಾಲಿದ್ದವು, ಎಡಗೈಯಲ್ಲಿ ಸುತ್ತಿಗೆ ಹಿಡಿದವನು ಹೊಡೆದಂತೆ. ಅಪ್ಪ ಕಟ್ಟಿದ ಹಿತ್ತಿಲ ಗೋಡೆಯ ಮೇಲೆ ಚಿಕ್ಕಂದಿನಿಂದ ಬೆರಳಾಡಿಸಿದ ಗೀರುಗಳೂ ಹೀಗೇ ಇದ್ದವು.

"ಸಾರ್, ಇದನ್ನ ಕಟ್ಟಿದ್ದು ನಮ್ಮಪ್ಪ."

ಬ್ಲೇಡು ಇಳಿಸಿ, ಹೊಟ್ಟೆ ಕುಣಿಯುವಂತೆ ಪುರಾತನ ನಕ್ಕ. "ನಿಮ್ಮಪ್ಪನಿಗೆ ಎರಡು ಸಾವಿರ ವರ್ಷ ವಯಸ್ಸಾಗಿತ್ತಾ? ಬುರುಡೆ ಬಿಡೋಕೂ ಒಂದು ಅಳತೆ ಬೇಕು ಮೇಸ್ತ್ರಿ."

ಬುರುಡೆಯ ಗಣಿಯಂಥವನು ಈ ಮಾತು ಹೇಳುತ್ತಿದ್ದಾನೆ! ಅದಕ್ಕಿಂತ ಹೆಚ್ಚು ಚುಚ್ಚಿದ್ದು, ಭಾವನೂ ಮುಖ ತಿರುಗಿಸಿ ನಕ್ಕಿದ್ದು. ಮೇಸ್ತ್ರಿ ಮೂಲೆಗೆ ಹೋಗಿ, ಸೊಂಟದೆತ್ತರದ ಸಾಲಿನಲ್ಲಿ ಹೆಬ್ಬೆರಳಿನಷ್ಟು ಚಕ್ಕೆಗಲ್ಲನ್ನು ಹುಡುಕಿ ಮೆಲ್ಲಗೆ ಅಲ್ಲಾಡಿಸಿ ತೆಗೆದ. ಹಿತ್ತಿಲ ಗೋಡೆಯಲ್ಲೂ ಅಪ್ಪ ಗುಂಡಿಯನ್ನು ಅಲ್ಲೇ ಇಟ್ಟಿದ್ದ. ಸಂದಿಗೆ ಬೆರಳು ಹಾಕಿದಾಗ ಮಣ್ಣಿನ ಜೊತೆ ಗುಂಡಗಿನದೊಂದು ಬಂತು.

ಭಾವ ಅದನ್ನು ಅಂಗಿಯ ತುದಿಗೆ ಒರೆಸಿ, ಬೆಳಕಿಗೆ ಹಿಡಿದ. ನಗು ಇಳಿದಿತ್ತು. "ನಾಲ್ಕು ತೂತು. ಪ್ಲಾಸ್ಟಿಕ್ಕು. ಇಂಥವು ನಮ್ಮಪ್ಪನ ಅಂಗಡೀಲಿ ಡಬ್ಬಗಟ್ಟಲೆ ಇದ್ವು. ಮಾವಂದೇ ಕಣೋ."

ಮೇಸ್ತ್ರಿ ಗುಂಡಿಯನ್ನು ಇಸಿದುಕೊಂಡು ಅಂಗೈಯಲ್ಲಿ ಹೊರಳಿಸಿದ. ಪುರಾತನನಿಗೆ ಮಾತು ಹೊರಟಿತು. ಎಷ್ಟು ಬೇಗ ಗೊತ್ತೇ? ಒಂದು ಸಲ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ. "ಅದೇ ನಾನು ಹೇಳಕ್ಕೆ ಹೊರಟಿದ್ದೆ. ಈ ಭಾಗ ಆಮೇಲೆ ರಿಪೇರಿ ಆಗಿದ್ದು." ಆಮೇಲೆ ಗೋಡೆಯ ಮುಂದೆ ಇಪ್ಪತ್ತು ಫೋಟೋ ಹೊಡೆದುಕೊಂಡ. ಎಲ್ಲದರಲ್ಲೂ ಅವನ ಮುಖವೇ ತುಂಬಿತ್ತು. ಗೋಡೆ ಕಿವಿಯ ಪಕ್ಕ ಒಂದಿಷ್ಟು ಇಣುಕುತ್ತಿತ್ತು. ಮೇಸ್ತ್ರಿ ಗುಂಡಿಯನ್ನು ಇದ್ದ ಜಾಗಕ್ಕೇ ಇಟ್ಟು ಚಕ್ಕೆ ಕೂರಿಸಿದ. ಅಪ್ಪ ಇಟ್ಟದ್ದನ್ನು ಹೊತ್ತು ತರಲು ಕೈ ಬರಲಿಲ್ಲ.

ಊರಿಗೆ ಬಂದು ಅಮ್ಮನಿಗೆ ಎಲ್ಲ ಹೇಳಿದ. ಬಟ್ಟೆ ಮಡಚುತ್ತಿದ್ದ ಅವಳು ಕೇಳಿದಳು: "ಗುಂಡಿ ಎಲ್ಲಿ?"

"ವಾಪಸ್ ಇಟ್ಟೆ ಕಣಮ್ಮ."

"ಹಾಗಾದ್ರೆ ಇದೂ ಬೆಟ್ಟದ ಗೋಡೇನೇ."

"ಭಾವನ್ನ ಕೇಳು."

"ಅಳಿಯಂದ್ರು ನೀನು ಹೇಳಿದ್ದಕ್ಕೆ ಯಾವತ್ತು ಇಲ್ಲ ಅಂದಿದಾರೆ?"

ಉಳಿದ ಸಾಕ್ಷಿ ಒಬ್ಬನೇ. ಮೇಸ್ತ್ರಿ ಎರಡು ದಿನ ಮನಸ್ಸಿನಲ್ಲೇ ಒದ್ದಾಡಿ, ಕೊನೆಗೆ ಪಾರ್ಸೆಲ್ ಆಫೀಸಿನ ಕಿಟಕಿಯ ಸಾಲಿನಲ್ಲಿ ನಿಂತು, ಮನೆಗೆ ಬಂದು ಅಮ್ಮನಿಗೆ ಹೇಳಿ ಎಂದು ಅವನನ್ನೇ ಬೇಡಿದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪುರಾತನ ಬಂದ. ಕುರ್ಚಿಯಲ್ಲಿ ಕೂತು ಒಂದೂವರೆ ಗಂಟೆ ಮಾತಾಡಿದ. ಗುಂಡಿಯನ್ನು ತಾನೇ ಪತ್ತೆ ಹಚ್ಚಿದ್ದು ಎಂದ. ಗೋಡೆಯನ್ನು ಎರಡಾಳೆತ್ತರ ಮಾಡಿದ. ದಾರಿಯಲ್ಲಿ ಮೇಸ್ತ್ರಿಯ ಚೀಲವನ್ನೂ ತಾನೇ ಹೊತ್ತೆ ಎಂದ. ಮೇಸ್ತ್ರಿ ಗೋಡೆಗೆ ಒರಗಿ, ಒಂದನ್ನೂ ತಿದ್ದದೆ ಎಲ್ಲವನ್ನೂ ಕೇಳಿದ. ಯಾಕೆಂದರೆ ಅಮ್ಮ ಬಟ್ಟೆ ಮಡಚುವುದನ್ನು ನಿಲ್ಲಿಸಿದ್ದಳು.

"ಎಡಗೈ ಗೀರು ಇತ್ತಾ?" ಅವಳು ಕೇಳಿದಳು.

"ಪ್ರತಿ ಕಲ್ಲಲ್ಲೂ ಇತ್ತಮ್ಮ. ನಾನೇ ನೋಡಿದೀನಿ."

ಅವನು ಹೇಳಿದ್ದರಲ್ಲಿ ಗೀರಿನ ಮಾತೊಂದೇ ನಿಜ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಆ ಮನೆಯಲ್ಲಿ ಬೆಟ್ಟದ ಗೋಡೆಯ ಮಾತು ಮತ್ತೆ ಯಾರೂ ಆಡಲಿಲ್ಲ.

ಮೇಸ್ತ್ರಿಗೆ ಅವನನ್ನು ಕಂಡರೆ ಇವತ್ತಿಗೂ ಆಗುವುದಿಲ್ಲ. ಪುರಾತನ ಈಗಲೂ ಪಾರ್ಸೆಲ್ ಆಫೀಸಿನಲ್ಲಿ ಗಂಟು ತೂಗುತ್ತಾನೆ. ರಜೆ ಸಿಕ್ಕಾಗ ಜನರನ್ನು ಬೆಟ್ಟಕ್ಕೆ ಕರೆದೊಯ್ದು, ಆ ಗೋಡೆ ತೋರಿಸಿ, ಕಟ್ಟಿದವನು ತನ್ನ ಆಪ್ತ ಗೆಳೆಯನ ತಂದೆ ಎಂದು ಹೇಳುತ್ತಾನೆ.