ಅಳತೆ ಪುಸ್ತಕದ ಹರಿದ ಪುಟ

ತುಟಿಯ ಎಡ ಮೂಲೆಯಲ್ಲಿ ನಾಲ್ಕೈದು ಗುಂಡುಪಿನ್ನು ಕಚ್ಚಿಕೊಂಡು ಬಲ ಮೂಲೆಯಿಂದ ಮಾತಾಡುತ್ತಿದ್ದರು ಟೈಲರ್. ನಗುತ್ತಿದ್ದಾರೋ, ಮುಖ ಕಿವಿಚಿದ್ದಾರೋ ತಿಳಿಯುತ್ತಿರಲಿಲ್ಲ. ಈ ಮನುಷ್ಯನನ್ನು ನಂಬಬಾರದು ಎಂದು ಮೊದಲ ದಿನವೇ ತೀರ್ಮಾನಿಸಿದೆ.

ನಂಬಿ ಕೆಟ್ಟವನು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ತಿ. ನರಸೀಪುರದ ಕಡೆ ಪ್ರೈಮರಿ ಮೇಷ್ಟ್ರಾಗಿದ್ದೆ. ಮದುವೆ ಒಲ್ಲೆನೆಂದಾಗ ಅಣ್ಣ ಮೈಸೂರಿಗೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದೊಯ್ದ. "ನಮ್ಮಿಬ್ಬರಲ್ಲೇ ಇರುತ್ತೆ, ಹೇಳಿ" ಎಂದರು ಡಾಕ್ಟರು. ನನಗೆ ಗಂಡಸರ ಮೇಲೆಯೇ ಮನಸ್ಸಾಗುತ್ತದೆಂದು ಜನ್ಮದಲ್ಲಿ ಮೊದಲ ಸಲ ಬಾಯಿಬಿಟ್ಟೆ. ಚೀಟಿ ಹಿಡಿದು ಮಾತ್ರೆ ಕೊಳ್ಳುವಷ್ಟರಲ್ಲಿ ಅದು ಅಣ್ಣನ ಕಿವಿಗೆ ಬಿದ್ದಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ನನ್ನ ಪಕ್ಕ ಕೂರಲಿಲ್ಲ. "ಅಂಥೋರ ಜೊತೆ ಕಂಡ್ರೆ ನಿನ್ ಸ್ಕೂಲಿಗೇ ಬಂದು ಯೋಳ್ತೀನಿ ಕಣ್ಲಾ" ಎಂದ, ಇಳಿಯುವಾಗ.

ಹಾಗಿರುವಾಗ ರೈಲಿನಲ್ಲಿ ಪರಿಚಯವಾದ ನನ್ನಂಥವನೊಬ್ಬ ನಂಜನಗೂಡಿನ ಈ ಅಂಗಡಿಗೆ ಕರೆತಂದ. ಭಾನುವಾರ ಮಧ್ಯಾಹ್ನ ಅರ್ಧ ಬಾಗಿಲು ಹಾಕಿ, ಪರದೆಯ ಹಿಂದೆ ಆರೇಳು ಜನ ಕೂರುತ್ತಿದ್ದರು, ಎಲ್ಲರೂ ನನ್ನಂಥವರೇ. ಟೈಲರೂ ಹಾಗೆಯೇ ಇರಬೇಕು; ಅವರು ಯಾವತ್ತೂ ಹೇಳಲಿಲ್ಲ, ಅದೂ ನನಗೊಂದು ಅನುಮಾನ. ಸುಮ್ಮನೆ ಕೂರುವಂತಿರಲಿಲ್ಲ. ಒಬ್ಬೊಬ್ಬರ ಮಡಿಲಿಗೂ ಒಂದು ಅಂಗಿ, ಸೂಜಿ, ಗುಂಡಿ. ಕಾಜ-ಗುಂಡಿಯ ಕೂಲಿ ಉಳಿಸುವ ಉಪಾಯ ಎಂದುಕೊಂಡೆ. ನಾನು ಗಂಟಲು ಸರಿಮಾಡಿಕೊಂಡರೆ, "ಈಗ್ಲೇ ಯೋಳ್ಬ್ಯಾಡಿ ಮೇಷ್ಟ್ರೇ, ಗುಂಡಿ ಒಲೀರಿ" ಎನ್ನುತ್ತಿದ್ದರು. ಕಣ್ಣು ಸೂಜಿಯ ಮೇಲಿದ್ದಾಗ ಯಾರೂ ಯಾರ ಮುಖ ನೋಡುವುದಿಲ್ಲ. ಮಾತು ತಾನಾಗಿ ಬರುತ್ತದೆ. ಫ್ಯಾಕ್ಟರಿ ಕೆಲಸದವನೊಬ್ಬ ಮದುವೆ ಗೊತ್ತಾಯಿತೆಂದು ಅತ್ತಾಗ ಟೈಲರ್ ಬುದ್ಧಿ ಹೇಳಲಿಲ್ಲ. ಮದುವೆಯಾಗಿ ಪಾಡುಪಡುತ್ತಿದ್ದ ಇನ್ನೊಬ್ಬನಿಗೆ, "ನೀನ್ ಯೋಳಪ್ಪ, ನಂಗೇನ್ ಗೊತ್ತು?" ಎಂದರು. ಅವನ ಕಥೆ ಕೇಳುತ್ತಾ ನಾನು ಅಂಗಿಯ ಗುಂಡಿಯನ್ನು ನನ್ನ ಪ್ಯಾಂಟಿಗೇ ಸೇರಿಸಿ ಹೊಲಿದುಬಿಟ್ಟಿದ್ದೆ.

ಆದರೂ ಆ ಅಳತೆ ಪುಸ್ತಕ ನನ್ನ ನೆಮ್ಮದಿ ಕೆಡಿಸಿತ್ತು. ಹೊಸಬರು ಬಂದರೆ ಮೈ ಅಳೆದು, ಹೆಸರು ಊರು ಸಮೇತ ಒಂದು ಪುಟ ಬರೆಯುತ್ತಿದ್ದರು. ನನ್ನ ಹೆಸರಿನ ಮುಂದೆ ಸ್ಕೂಲೂ ಇತ್ತು. ಯಾಕೆ? ನಾಳೆ ಯಾರಿಗಾದರೂ ತೋರಿಸಲಿಕ್ಕಲ್ಲದೆ? ಒಂದು ಭಾನುವಾರ ಅವರು ಟೀ ತರಲು ಹೋದಾಗ ನನ್ನ ಪುಟ ಹರಿದು ಜೇಬಿಗಿಟ್ಟೆ.

ಮುಂದಿನ ಭಾನುವಾರವೇ, ಯಾರದೋ ಮಾತು ಕೇಳಿ, ಅಣ್ಣ ಅಂಗಡಿಗೆ ಬಂದ. ನಾವೆಲ್ಲ ಪರದೆಯ ಹಿಂದಿದ್ದೆವು. ಪರದೆ ಸರಿಸಿದರೆ ನನ್ನ ಕೆಲಸ, ಮಾನ ಎರಡೂ ಹೋದಂತೆ.

"ನಮ್ ತಮ್ಮ, ಮೇಷ್ಟ್ರು, ಇಲ್ಲಿಗ್ಯಾಕ್ರೀ ಬತ್ತಾನೆ?"

"ಅಂಗಿ ಒಲಿಸ್ಕೊಳಕ್ಕೆ ಸ್ವಾಮಿ. ಎಲ್ರ ಅಳತೇನೂ ಪುಸ್ತಕ್ದಲ್ಲಿ ಅದೆ, ನೋಡಿ."

ಪುಟ ತಿರುವುವ ಸದ್ದು. ಆಮೇಲೆ ಅದೂ ನಿಂತಿತು. ಆಗ ಹೊಳೆಯಿತು ನನಗೆ: ಆ ಪುಸ್ತಕ ನಮ್ಮನ್ನು ಹಿಡಿದುಕೊಡಲಿಕ್ಕಲ್ಲ, ಹೀಗೆ ಹುಡುಕಿ ಬಂದವರ ಬಾಯಿ ಮುಚ್ಚಿಸಲಿಕ್ಕೆ. ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ.

"ಪುಟ ಎಲ್ಲೋ ಕಿತ್ತೋಗ್ಯದೆ. ಬುಡಿ, ಬಾಯಲ್ಲೇ ಯೋಳ್ತೀನಿ" ಎಂದರು ಟೈಲರ್. "ಎದೆ ಮೂವತ್ತಾರು, ತೋಳು ಇಪ್ಪತ್ಮೂರು. ಎಡಗಡೆ ಭುಜ ಅರ್ಧ ಇಂಚು ಇಳ್ದದೆ. ಚಿಕ್ಕೋರಿದ್ದಾಗ ಬಿದ್ದಿದ್ರಾ ಮೇಷ್ಟ್ರು?"

ಹುಣಸೆ ಮರದಿಂದ ಬಿದ್ದ ನನ್ನನ್ನು ಹೊತ್ತುಕೊಂಡು ಓಡಿದ್ದವನು ಅಣ್ಣನೇ. "ಹೂಂ, ಬಿದ್ದಿದ್ದ" ಎಂದ. ಪುಸ್ತಕ ಮುಚ್ಚಿಟ್ಟ ಸದ್ದಾಯಿತು; ಹೊರಟುಹೋದ.

ಟೈಲರ್ ಒಳಗೆ ಬಂದು ಪಿನ್ನುಗಳನ್ನು ಕೈಗೆ ಉಗುಳಿಕೊಂಡರು. "ಕೇಳಿದ್ರೆ ಆ ಪುಟ ನಾನೇ ಅರ್ದು ಕೊಡ್ತಿದ್ನಲ್ಲ ಮೇಷ್ಟ್ರೇ" ಎಂದರು, ಅಷ್ಟೇ. ಕ್ಷಮೆ ಕೇಳುವ ಬದಲು, ಇಷ್ಟು ನೆನಪಿಟ್ಟವರು ಇನ್ನೇನೇನು ನೆನಪಿಟ್ಟಿದ್ದಾರೋ ಎಂದು ಮನಸ್ಸು ಆಗಲೂ ಅಳುಕಿತು. ಹಾಳು ಬುದ್ಧಿ!

ಏಳೆಂಟು ವರ್ಷಗಳ ಮೇಲೆ ಅವರು ಎದೆನೋವಿನಿಂದ ತೀರಿಕೊಂಡರು. ನಾವೆಲ್ಲ ಅವರೇ ಹೊಲಿದ ಅಂಗಿ ತೊಟ್ಟು ಕಪಿಲೆಯ ದಡಕ್ಕೆ ಹೋದೆವು. ನನ್ನ ಜೇಬಿನಲ್ಲಿ ಆ ಪುಟವಿತ್ತು. ಅವರ ತಂಗಿ ಕಣ್ಣೊರೆಸಿಕೊಳ್ಳುತ್ತಾ, "ನೀವು ನಮ್ಮಣ್ಣನ್ಗೆ ಏನಾಗ್ಬೇಕಪ್ಪ?" ಎಂದು ಕೇಳಿದರು. ನನಗೂ ಅಣ್ಣನೇ ಕಣಮ್ಮ ಎನ್ನಬೇಕೆಂದಿತ್ತು. ಪಕ್ಕದಲ್ಲಿ ಯಾರೋ ನಮ್ಮನ್ನೇ ನೋಡುತ್ತಿದ್ದಂತೆ ಅನಿಸಿತು.

"ಗಿರಾಕಿ" ಎಂದುಬಿಟ್ಟೆ.